ಕೆರೆಗಿಳಿದ ಬೆಲ್ಲದ ಹಲಗೆ

“ಪ್ರಪಂಚದಲ್ಲೇ ಮೊದಲ್ನೇ ಅಪ್ಪಟ ಸಾವಯವ ಸರ್ಫಿಂಗ್ ಬೋರ್ಡು ತಯಾರಾಗೋದು ಇದೇ ಕೊಟ್ಟಿಗೆ ಮುಂದೆ!”

ಭಾನುವಾರ ಬೆಳಿಗ್ಗೆ ಯಲಿಯೂರಿನ ಯತೀಶ ಹೀಗೆ ಘೋಷಿಸಿದಾಗ ಅವನ ಹೆಂಡತಿ ದೀಪಿಕ ಎಮ್ಮೆಯ ಕೆಚ್ಚಲು ತೊಳೆಯುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

“ಅಂಗಂದ್ರೇನು?”

“ಸಮುದ್ರದ ಅಲೆ ಮೇಲೆ ನಿಂತ್ಕಂಡು ಓಗೋ ಅಲ್ಗೆ ಕಣೆ. ಪ್ಯಾಟೇಲಿ ಸಿಗೋದೆಲ್ಲ ಥರ್ಮೋಕೋಲು, ಪ್ಲಾಸ್ಟಿಕ್ಕು. ಭೂಮಿಗೆ ಕೇಡು. ನಂದು ಮಣ್ಣಲ್ಲಿ ಊತ್ರೆ ಮಣ್ಣೇ ಆಯ್ತದೆ!”

“ಮೊದ್ಲು ನೀರಲ್ಲಿ ತೇಲ್ಲಿ. ಊಳೋದು ಆಮೇಲೆ ನೋಡುವ.”

ಯತೀಶ ಸಮುದ್ರವನ್ನು ಕಂಡಿದ್ದು ಫೋನಿನಲ್ಲಿ ಮಾತ್ರ. ಮಂಗಳೂರಿನ ಕಡೆ ಅಲೆಸವಾರಿ ಕಲಿಸುವ ಶಿಬಿರವೊಂದಿದೆ ಎಂದು ತಿಳಿದಾಗಿನಿಂದ ತಾನು ಕೆಲಸಕ್ಕಿದ್ದ ಮಂಡ್ಯದ ಪಂಪ್‌ಸೆಟ್ ಅಂಗಡಿಯಲ್ಲಿ ಕುಳಿತೇ ತೇಲುತ್ತಿದ್ದ. ದೀಪಿಕಳಿಗೂ ಸಮುದ್ರ ನೋಡುವ ಆಸೆ ಮದುವೆಯ ದಿನದಿಂದಲೇ ಇತ್ತು. ಅಡ್ಡ ನಿಂತಿದ್ದವಳು ಚೆಲುವಿ, ಅವರ ಎಮ್ಮೆ! ಅದು ದೀಪಿಕಳ ಕೈಗೆ ಬಿಟ್ಟು ಬೇರೆ ಯಾರಿಗೂ ಹಾಲು ಕೊಡದು. ಯತೀಶನ ನೆರಳು ಬಿದ್ದರೂ ಸಾಕು, ಬಕೆಟ್ಟು ಒಂದು ಕಡೆ, ಯತೀಶ ಒಂದು ಕಡೆ.

“ಓಗಿ ಬತ್ತೀನಿ ಕಣೆ, ನಾನೊಬ್ನೇ,” ಎಂದ ಯತೀಶ.

ದೀಪಿಕ ಈಗ ತಲೆ ಎತ್ತಿದಳು. “ಒಂದು ಪಂದ್ಯ. ಊರ ಕೆರೇಲಿ ಮೆಟ್ಲಿಂದ ತೂಬಿನ ಗಂಟ ಬೀಳ್ದಂಗೆ ನಿಂತ್ಕಂಡು ಓದ್ರೆ ಸಮುದ್ರಕ್ಕೆ ನೀವು. ಬಿದ್ರೆ ನಾನು ಓಯ್ತೀನಿ, ನೀವು ಆಲು ಕರೀರಿ.”

ಯತೀಶನಿಗೆ ಒಳಗೊಳಗೇ ನಗು ಉಕ್ಕಿತು. ಚೆಲುವಿ ತನ್ನನ್ನು ಹತ್ತಿರವೇ ಸೇರಿಸುವುದಿಲ್ಲ. ಇನ್ನು ಸೋತರೂ ಇವಳು ಹೋಗುವುದೆಲ್ಲಿಗೆ? ಇಷ್ಟು ಸುಖದ ಪಂದ್ಯ ಯಾರಿಗುಂಟು! ಕೈ ಮೇಲೆ ಕೈ ಹೊಡೆದ.

ಕೆಲಸ ಭರದಿಂದ ಸಾಗಿತು. ಈಜು ಕಲಿಯುವ ಹುಡುಗರು ಸೊಂಟಕ್ಕೆ ಕಟ್ಟಿಕೊಳ್ಳುವ ಕತ್ತಾಳೆ ಬೆಂಡನ್ನು ಒಟ್ಟು ಹಾಕಿ, ಕತ್ತಾಳೆ ನಾರಿನಿಂದಲೇ ಬಿಗಿದ. ಮೇಲೆ ಮೆತ್ತಲು ಪಕ್ಕದ ಮನೆಯ ಹೊನ್ನಯ್ಯನ ಆಲೆಮನೆಯಿಂದ ಕಬ್ಬಿನ ಸಿಪ್ಪೆ ಬಂತು. ಉಳಿದದ್ದು ಅಂಟು. ಅಂಗಡಿಯ ಅಂಟು ರಾಸಾಯನಿಕ, ಥೂ! ಆಗ ನೆನಪಾಯಿತು: ತಾತ ಕಟ್ಟಿಸಿದ ಗೋಡೆಗೆ ಸುಣ್ಣದ ಜೊತೆ ಬೆಲ್ಲ ಬೆರೆಸಿದ ಗಾರೆ!

“ಬೆಲ್ಲದ ಗಾರೆ ಮೇಲೆ ತಾತನ ಮನೆ ಇಷ್ಟು ವರ್ಷ ನಿಂತೈತೆ. ನಾನು ಅರ್ಧ ಗಂಟೆ ನಿಲ್ಲಕಿಲ್ವಾ?”

ಸುಣ್ಣ ಕೈ ಸುಡುತ್ತದೆ ಎಂದು ಅದನ್ನು ಬಿಟ್ಟ. ಆ ಕೊರತೆ ತುಂಬಲು ಬೆಲ್ಲವನ್ನು ದುಪ್ಪಟ್ಟು ಹಾಕಿದ! ಪಾಕಕ್ಕೆ ಹುಣಸೆಬೀಜದ ಹಿಟ್ಟು ಕಲಸಿ, ಸಿಪ್ಪೆಯ ಮೇಲೆ ಬಳಿದು, ಹೊಳಪಿಗೆ ಕಡಲೆಕಾಯಿ ಎಣ್ಣೆ ತಿಕ್ಕಿದ. ಬಿಸಿಲಿಗೆ ಒಣಗಿ ಹಲಗೆ ಫಳಫಳ ಹೊಳೆಯಿತು.

ಅವನ ತಾಯಿ ಇಂದ್ರಮ್ಮ ಮೂಸಿ ನೋಡಿದಳು. “ಏನ್ಲಾ ಇದು, ಬಾಯ್ನಾಗೆ ನೀರು ಬತ್ತದೆ!”

“ತಿನ್ನಾದಲ್ಲ ಕಣವ್ವ, ತಂತ್ರಜ್ಞಾನ!”

ಪಂದ್ಯದ ದಿನ ಅರ್ಧ ಊರೇ ಕೆರೆ ಏರಿಯ ಮೇಲಿತ್ತು. ಮಂಡಿ ಮುಳುಗುವ ನೀರಿನಲ್ಲಿ ಯತೀಶ ಹಲಗೆ ಏರಿದ, ತೂಗಾಡಿದ, ನಿಂತ! ಬಿದಿರುಗಳದಿಂದ ಒತ್ತಿದ. ಹಲಗೆ ಮುಂದಕ್ಕೆ ಜಾರಿತು. ಯತೀಶನ ಎದೆ ಉಬ್ಬಿ ಅಂಗಿಯ ಗುಂಡಿ ಬಿಚ್ಚಿಕೊಂಡಿತು. ದೀಪಿಕಳ ಮುಖ ಮಾತ್ರ ಬಾಡಿಹೋಯಿತು. ಸಮುದ್ರ ಅವಳ ಕಣ್ಣೆದುರೇ ದೂರ ಸರಿಯುತ್ತಿತ್ತು.

“ಲೇ ಯತೀಸ, ಅಲೆ ಎಲ್ಲೈತ್ಲಾ?” ಏರಿಯಿಂದ ಹೊನ್ನಯ್ಯ ಕೂಗಿದ.

ಅಲೆ ಬಂತು. ದಿನದಂತೆ ಚೆಲುವಿಯ ಮೈ ತೊಳೆಯಲು ಇಂದ್ರಮ್ಮ ಅದೇ ಹೊತ್ತಿಗೆ ಅದನ್ನು ಕೆರೆಗೆ ಹೊಡೆದುಕೊಂಡು ಬಂದಿದ್ದಳು. ನೀರಿಗೆ ಬೆಲ್ಲ ಕರಗುತ್ತಿತ್ತು. ಚೆಲುವಿ ಮೂಗರಳಿಸಿತು, ಹಗ್ಗ ಕಿತ್ತಿತು, ದುಡುಂ! ಆ ಕೆರೆ ಹುಟ್ಟಿದ ಮೇಲೆ ಅಂಥ ಅಲೆ ಎದ್ದಿರಲಿಲ್ಲ. ಯತೀಶನ ಕಾಲಡಿಯ ಪಾಕ ಜಾರಿತು. ತೂಬು ಇನ್ನೂ ಮಾರು ದೂರವಿರುವಾಗ ಅಲೆಸವಾರರು ಅಂಗಾತ ಮಲಗಿದರು!

ಚೆಲುವಿ ಸಿಪ್ಪೆಯನ್ನೆಲ್ಲ ಕರುಮ್ ಕರುಮ್ ಎಂದು ಮುಗಿಸಿ, ಪಾಕ ಮೆತ್ತಿದ್ದ ಯತೀಶನ ಅಂಗಾಲು ನೆಕ್ಕಿತು. ಆಮೇಲೆ ಮಂಡಿ. ಆಮೇಲೆ ಮುಖ. ಕತ್ತಾಳೆ ಬೆಂಡುಗಳು ಮಾತ್ರ ದಿಕ್ಕಿಗೊಂದರಂತೆ ತೇಲುತ್ತಿದ್ದವು.

“ಒಳ್ಳೆ ಬೂಸಾ ಮಾಡೀರಿ ಕಣ್ರೀ,” ಎಂದಳು ದೀಪಿಕ, ನಗು ತಡೆಯಲಾರದೆ.

ಮರುದಿನ ಬೆಳಿಗ್ಗೆ ಯತೀಶ ಬಕೆಟ್ಟನ್ನು ಎದೆಗೆ ಅಡ್ಡ ಹಿಡಿದು ಕೊಟ್ಟಿಗೆಗೆ ಕಾಲಿಟ್ಟ. ಚೆಲುವಿ ಒದೆಯಲಿಲ್ಲ! ಕತ್ತು ಚಾಚಿ ಅವನ ಕೈ ಮೂಸಿ, ಕಣ್ಣು ಅರೆಮುಚ್ಚಿ ನಿಂತುಕೊಂಡಿತು. ಬಕೆಟ್ಟು ತುಂಬಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ದೀಪಿಕ ಮಧ್ಯಾಹ್ನದ ಹೊತ್ತಿಗೆ ಬಸ್ಸಿನಲ್ಲಿದ್ದಳು.

ವಾರ ಕಳೆಯುವಷ್ಟರಲ್ಲಿ ವಿಡಿಯೋ ಕಾಲ್ ಬಂತು. ಹಿಂದೆ ಸಮುದ್ರ ಭೋರ್ಗರೆಯುತ್ತಿತ್ತು. ದೀಪಿಕಳ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಿಂತ್ಕಂಡೆ ಕಣ್ರೀ! ಅಲೆ ಮೇಲೆ!”

“ಬೋರ್ಡು ಯಾವ್ದೇ?”

“ಥರ್ಮೋಕೋಲ್ದು. ಯಾವ ಎಮ್ಮೇನೂ ಮೂಸಿ ನೋಡಲ್ಲ. ಚೆಲುವಿ ಆಲು ಕೊಡ್ತದಾ?”

ಯತೀಶ ಮುಖ ಸಣ್ಣದು ಮಾಡಿಕೊಂಡ. “ಎಲ್ಲಿ ಕೊಡ್ತದೆ! ಒದ್ದು ಒದ್ದು ಸೊಂಟ ಮುರೀತು. ನನ್ನ ಕಂಡ್ರೇ ಆಗಾಕಿಲ್ಲ ಕಣೆ ಅದುಕ್ಕೆ. ನಾಳೇನೇ ಬಂದ್ಬುಡು!”

ಮಾತು ಮುಗಿಯುವ ಮೊದಲೇ ಹಿಂದಿನಿಂದ ಕಪ್ಪು ಮೂತಿಯೊಂದು ಪರದೆಯೊಳಗೆ ನುಗ್ಗಿತು. ಮೊರದಗಲದ ನಾಲಿಗೆ ಯತೀಶನ ಗಲ್ಲದಿಂದ ಹಣೆಯವರೆಗೆ ಪ್ರೀತಿಯಿಂದ, ನಿಧಾನವಾಗಿ ಸವರಿತು.

“ಅಂಗಾ?” ಎಂದಳು ದೀಪಿಕ. “ಸರಿ ಬುಡಿ, ಇನ್ನೊಂದು ವಾರ ಇದ್ಬುಟ್ಟು ಬತ್ತೀನಿ.”