ಮೇಳಿಗೆ ಮೇಷ್ಟ್ರ ಅಮೆರಿಕದ ಟೀಮು

ತೀರ್ಥಹಳ್ಳಿಯಲ್ಲಿ ಟೈಲರ್ ಅಂಗಡಿ ಇಟ್ಟವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಅಳತೆ ಕೊಡಲು ನಿಂತ ಮನುಷ್ಯ ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳುತ್ತಾನೆಯೇ ಹೊರತು ಬಾಯಿ ಮುಚ್ಚುವುದಿಲ್ಲ. ಆದರೆ ನನ್ನ ಪಾಲಿಗೆ ಬಂದ ಪ್ರಸಂಗಗಳಲ್ಲಿ ಮುಕ್ಕಾಲು ಪಾಲು ಒಬ್ಬರಿಂದಲೇ ಬಂದವು. ಅವರು ಮೇಳಿಗೆ ಕಡೆಯ ಒಬ್ಬ ಪಿ.ಟಿ. ಮೇಷ್ಟ್ರು. ಈಗ ಅವರಿಲ್ಲ. ಅವರ ವಿಷಯ ಹೇಳಲು ಹೊರಟರೆ ನನಗೆ ಮೊದಲು ನಗು ಬರುತ್ತದೆ, ನಕ್ಕು ಮುಗಿಯುವುದರೊಳಗೆ ಕಣ್ಣು ಒರೆಸಿಕೊಳ್ಳಬೇಕಾಗುತ್ತದೆ.

ಮೇಷ್ಟ್ರಿಗೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗಿನ ಹುಚ್ಚು. ಅಲ್ಲಿ ರಾತ್ರಿ ಆಡುವ ಆಟ ನಮಗೆ ಬೆಳಗಿನ ತಿಂಡಿಯ ಹೊತ್ತಿಗೆ ಮೊಬೈಲಿನಲ್ಲಿ ಬರುತ್ತದೆ. ಅಷ್ಟೊಂದು ಟೀಮುಗಳಿದ್ದರೂ ಅವರು ಹಿಡಿದುಕೊಂಡದ್ದು ಸದಾ ಸೋಲುವ ಒಂದು ಟೀಮನ್ನು. ಯಾಕೆ ಮೇಷ್ಟ್ರೇ ಅಂತ ಕೇಳಿದರೆ, "ಮೊದಲ್ನೇ ಸಲ ನೋಡ್ದಾಗ ಗೆಲ್ತಾ ಇದ್ರು ಮಾರಾಯಾ. ಆಮೇಲೆ ಬಿಡಕ್ಕೆ ಮನಸ್ಸು ಬರ್ಲಿಲ್ಲ" ಅಂದರು. ನನಗೂ ಅಂಟಿಸಿದರು. ನಾನು ಕಾಜಾ ಹೊಲಿಯುತ್ತಾ ನೋಡುತ್ತಿದ್ದೆ, ಅವರು ಕಟಿಂಗ್ ಟೇಬಲ್ಲಿಗೆ ಒರಗಿ ಬೈಯುತ್ತಾ ನೋಡುತ್ತಿದ್ದರು. ಅವರ ಎರಡೂ ಕಿಡ್ನಿ ಕೈಕೊಡುತ್ತಿವೆ ಅಂತ ಡಾಕ್ಟರು ಹೇಳಿದ ವರ್ಷ ಅದು. "ಹೆಚ್ಚಿಗೆ ಎಂತದೂ ಬ್ಯಾಡ. ಸಾಯೋದ್ರೊಳಗೆ ಒಂದ್ಸಲ ಈ ಟೀಮು ಕಪ್ ಎತ್ತೋದು ನೋಡ್ಬೇಕು" ಅನ್ನುತ್ತಿದ್ದರು. ಡಾಕ್ಟರ ಮಾತು ಕೇಳಿ ನನಗೆ ಹೆದರಿಕೆಯಾಗಿತ್ತು. ಟೀಮಿನ ಆಟ ನೋಡಿದ ಮೇಲೆ ಇನ್ನೂ ಹೆದರಿಕೆಯಾಯಿತು.

ವಾಯಿದೆಯ ಕೂಸು

ಆ ಲೀಗಿನಲ್ಲಿ ಟ್ರೇಡ್ ಅಂತ ಒಂದಿದೆ. ಈ ಟೀಮಿನ ಆಟಗಾರನನ್ನು ಆ ಟೀಮಿಗೆ ಕೊಡುವುದು, ಅಲ್ಲಿಯವನನ್ನು ಇಲ್ಲಿಗೆ ತರುವುದು. ಒಂದು ಬೆಳಿಗ್ಗೆ ಮೇಷ್ಟ್ರು ಅಂಗಡಿಗೆ ಬಂದವರೇ ಸ್ಟೂಲಿನ ಮೇಲೆ ಕುಸಿದು ಕೂತರು. ಮುಖ ನೋಡಿ ಬ್ಲಡ್ ರಿಪೋರ್ಟು ಬಂದಿರಬೇಕು ಅಂದುಕೊಂಡೆ.

"ಕೊಟ್ಟೇಬಿಟ್ರು ಮಾರಾಯಾ. ಚೆನ್ನಾಗಿ ಆಡೋನು ಇದ್ದಿದ್ದೇ ಒಬ್ಬ. ಅವನನ್ನೇ ಕೊಟ್ಟು ಆ ಉದ್ದದವನನ್ನ ತಗೊಂಡ್ರು."

ಉದ್ದದವನ ಬಗ್ಗೆ ಸ್ವಲ್ಪ ಹೇಳಬೇಕು. ಆಳು ತೆಂಗಿನಮರದಷ್ಟಿದ್ದ. ಆದರೆ ಫ್ರೀ ಥ್ರೋ ಹಾಕಲು ಬರುತ್ತಿರಲಿಲ್ಲ. ಫ್ರೀ ಥ್ರೋ ಅಂದರೆ ಯಾರೂ ಅಡ್ಡ ಬರದೆ, ಒಬ್ಬನೇ ನಿಂತು, ಪುರುಸೊತ್ತಿನಲ್ಲಿ ಚೆಂಡನ್ನು ಬುಟ್ಟಿಗೆ ಹಾಕುವುದು. ಮೇಷ್ಟ್ರ ಪ್ರಕಾರ ಅದು ಬರದವನು ಬಾಸ್ಕೆಟ್‌ಬಾಲ್ ಆಡುವುದೂ ಒಂದೇ, ಅವರ ಸ್ಕೂಲಿನ ಧ್ವಜಕಂಬವನ್ನು ಕಿತ್ತು ಅಲ್ಲಿ ನಿಲ್ಲಿಸುವುದೂ ಒಂದೇ.

ರವಿಕೆಗೆ ಕಾಯುತ್ತಾ ಕೂತಿದ್ದ ಹೆಂಗಸೊಬ್ಬರು ಎಲ್ಲವನ್ನೂ ಕೇಳಿಸಿಕೊಂಡು, "ಅಲ್ಲಾ ಮೇಷ್ಟ್ರೇ, ಕೊಡೋ ಮುಂಚೆ ಆ ಹುಡುಗನ್ನ ಕೇಳ್ತಾರಾ?" ಅಂದರು.

"ಇಲ್ಲ."

"ಅವನ ಹೆಂಡ್ತೀನ?"

"ಅದೂ ಇಲ್ಲ."

"ಹಂಗಾರೆ ನಮ್ಮ ಸರ್ಕಾರಿ ಟ್ರಾನ್ಸ್‌ಫರ್ ಇದ್ದಂಗೇ ಆಯ್ತು. ನಮ್ಮನೆಯವ್ರನ್ನ ಸಾಗರದಿಂದ ಹೊಸನಗರಕ್ಕೆ ಎತ್ತಾಕಿದ್ರು, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ."

ಮೇಷ್ಟ್ರಿಗೆ ಪಾಠ ಮಾಡುವ ಚಟ. ಟ್ರೇಡಿನಲ್ಲಿ ಈಗಿನ ಆಟಗಾರರನ್ನಷ್ಟೇ ಅಲ್ಲ, ಮುಂದಿನ ವರ್ಷಗಳಲ್ಲಿ ಕಾಲೇಜು ಮುಗಿಸಿ ಬರುವ ಹುಡುಗರನ್ನು ಆರಿಸಿಕೊಳ್ಳುವ ಹಕ್ಕನ್ನೂ ಈಗಲೇ ಬರೆದುಕೊಡುತ್ತಾರೆ, ಆ ಹುಡುಗರು ಇನ್ನೂ ಪ್ರೈಮರಿ ಸ್ಕೂಲಿನಲ್ಲಿರಬಹುದು ಅಂತ ವಿವರಿಸಿದರು. ಆ ಹೆಂಗಸು ಗಲ್ಲಕ್ಕೆ ಕೈಯಿಟ್ಟು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಕೇಳಿದ್ರಾ ಟೈಲರಣ್ಣ? ಅಲ್ಲಿ ಕೂಸುಗಳನ್ನೂ ವಾಯಿದೆ ಪ್ರಕಾರ ಕೊಡ್ತಾರಂತೆ. ನಿಮ್ಗೆ ಒಂದು ರವಿಕೆ ಕೊಡಕ್ಕಾಗಲ್ಲ" ಅಂದರು.

ಹೆಸರು ಬಿಚ್ಚುವ ಕೆಲಸ

ಆ ಟ್ರೇಡಿಗೆ ಸ್ವಲ್ಪ ಮುಂಚೆ ಮೇಷ್ಟ್ರು ಟೀಮಿನ ಬಣ್ಣದ ಬಟ್ಟೆ ತಂದು ನನ್ನಿಂದ ಬನಿಯನ್ ಹೊಲಿಸಿದ್ದರು. ಬೆನ್ನ ಮೇಲೆ ಅವರ ಮೆಚ್ಚಿನ ಆಟಗಾರನ ಹೆಸರನ್ನು ಕನ್ನಡದಲ್ಲಿ ಬೇರೆ ಬಟ್ಟೆ ಕತ್ತರಿಸಿ ಕೂರಿಸಬೇಕಿತ್ತು. ಅರ್ಕಾವತ್ತು, ಒತ್ತು, ದೀರ್ಘ ಎಲ್ಲ ಇದ್ದ ಹೆಸರು. ಕಣ್ಣು ನೋಯಿಸಿಕೊಂಡು ಮುಗಿಸಿದೆ. ಮೇಷ್ಟ್ರು ಅದನ್ನು ತೊಟ್ಟುಕೊಂಡು ಹೋದ ವಾರವೇ ಆ ಆಟಗಾರನನ್ನು ಕೊಟ್ಟುಬಿಟ್ಟರು. ಅವನೇ ಮೇಲೆ ಹೇಳಿದ ಚೆನ್ನಾಗಿ ಆಡುವವನು.

ಬಿಚ್ಚಿದೆ. ಇನ್ನೊಬ್ಬನ ಹೆಸರು ಕೂರಿಸಿದೆ. ಅವನೂ ಹೋದ. ಮತ್ತೆ ಬಿಚ್ಚಿದೆ. ಮೂರನೆಯವನದು ಅರ್ಧ ಕೂರಿಸುವಷ್ಟರಲ್ಲೇ ಸುದ್ದಿ ಬಂತು. ಬೆನ್ನಿನ ಬಟ್ಟೆ ಸೂಜಿತೂತುಗಳಿಂದ ಜರಡಿಯಾಯಿತು.

ಮೇಷ್ಟ್ರು ಆ ತೂತುಗಳನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ದನಿ ತಗ್ಗಿಸಿ, "ನಿನ್ ಕೈಗುಣ ಹಿಂಗಿದೆ ಅಂದ್ಮೇಲೆ ಅದನ್ನ ಸರಿಯಾಗಿ ಉಪಯೋಗಿಸ್ಬೇಕು. ಆ ಉದ್ದದವನ ಹೆಸ್ರು ಹೊಲಿ" ಅಂದರು.

"ಅವನನ್ನ ಕಂಡ್ರೆ ನಿಮಗಾಗಲ್ವಲ್ಲ?"

"ಅದಕ್ಕೇ ಹೇಳಿದ್ದು. ದಪ್ಪ ದಾರದಲ್ಲಿ ಹೊಲಿ."

ಎರಡು ಸಾಲು ಹೊಲಿಗೆ ಹಾಕಿ, ಅಂಚು ಮಡಚಿ, ಎಂದೂ ಮಾಡದಷ್ಟು ಶ್ರದ್ಧೆಯಿಂದ ಕೂರಿಸಿಕೊಟ್ಟೆ. ಮೇಷ್ಟ್ರು ತೊಟ್ಟರು. ಇಬ್ಬರೂ ಕಾದೆವು. ಆ ತಿಂಗಳೇ ಟೀಮಿನವರು ಉದ್ದದವನನ್ನು ಇನ್ನೂ ಐದು ವರ್ಷಕ್ಕೆ ಉಳಿಸಿಕೊಂಡರು.

ಬಿ.ಪಿ.

ಆಮೇಲೆ ಡಯಾಲಿಸಿಸ್ ಶುರುವಾಯಿತು. ದಿನ ಬಿಟ್ಟು ದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಮಲಗಬೇಕು. ಜೊತೆಗೆ ಮೇಷ್ಟ್ರ ಹೆಂಡತಿ, ನಾನು ಅಕ್ಕ ಅನ್ನುವವರು, ಹೋಗುತ್ತಿದ್ದರು, ಅವರಿಗೆ ಆಗದ ದಿನ ನಾನು. ಮೈಯ ರಕ್ತವೆಲ್ಲ ಕೊಳವೆಯಲ್ಲಿ ಹೊರಗೆ ಹೋಗಿ ಒಳಗೆ ಬರುವುದನ್ನು ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಮೇಷ್ಟ್ರು ಆ ಕಡೆ ನೋಡುತ್ತಲೇ ಇರಲಿಲ್ಲ. ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಟೀಮನ್ನು ಬೈಯುತ್ತಿದ್ದರು.

ಒಂದು ದಿನ ಉದ್ದದವನು ಫ್ರೀ ಥ್ರೋಗೆ ನಿಂತ. ಮೇಷ್ಟ್ರ ಪಕ್ಕದ ಯಂತ್ರ ಕುಂಯ್ ಕುಂಯ್ ಅನ್ನತೊಡಗಿತು. ನರ್ಸಮ್ಮ ಓಡಿ ಬಂದು ಬಿ.ಪಿ. ನೋಡಿ ಗಾಬರಿಯಾಗಿ ಮೊಬೈಲು ಕಿತ್ತುಕೊಂಡರು. "ಇನ್ಮೇಲೆ ಇಲ್ಲಿ ಬಾಸ್ಕೆಟ್‌ಬಾಲ್ ನೋಡಂಗಿಲ್ಲ" ಅಂತ ಹುಕುಂ ಆಯಿತು.

ಮೇಷ್ಟ್ರು ಬೇಡಿಕೊಂಡರು, ಕೇಳಲಿಲ್ಲ. ಪಕ್ಕದ ಹಾಸಿಗೆಯಲ್ಲಿ ಹೊಸನಗರದ ಕಡೆಯ ಒಬ್ಬ ಗೌಡರಿದ್ದರು. ಅವರೂ ತಿಂಗಳುಗಟ್ಟಲೆ ಅಲ್ಲೇ ಮಲಗಿ ಆಟವನ್ನು ಅರ್ಧ ಕಲಿತಿದ್ದರು. ಅವರು ಕತ್ತೆತ್ತಿ ನರ್ಸಮ್ಮನಿಗೆ ಹೇಳಿದರು: "ಕೊಟ್ಬಿಡಿ ತಾಯೀ. ಅವ್ರು ನೋಡ್ದಿದ್ರೂ ಟೀಮು ಸೋಲುತ್ತೆ. ಇವತ್ತೋ ನಾಳೆಯೋ ಅನ್ನೋರು ನಾವಿಬ್ರು ಇಲ್ಲಿ ಇದ್ದೀವಿ, ನಮ್ಗಿಂತ ಕೆಟ್ಟ ಸ್ಥಿತೀಲಿ ಇರೋರನ್ನ ನೋಡಿದ್ರೆ ಸ್ವಲ್ಪ ಸಮಾಧಾನ."

ನರ್ಸಮ್ಮ ಮೊಬೈಲು ಕೊಟ್ಟರು. ಗೌಡರ ಹಾಸಿಗೆ ಚಳಿಗಾಲ ಮುಗಿಯುವುದರೊಳಗೆ ಖಾಲಿಯಾಯಿತು. ಆ ವಾರ ಮೇಷ್ಟ್ರು ಆಟ ಹಾಕಲಿಲ್ಲ. ಕೇಳಿದ್ದಕ್ಕೆ, "ಅರ್ಧ ಸೀಸನ್ನಲ್ಲಿ ಬಿಟ್ಟು ಹೋದ ಮಾರಾಯಾ. ಆ ಮನುಷ್ಯನಿಗೇ ಬುದ್ಧಿ ಇದ್ದಿದ್ದು" ಅಂದರು.

ಸಾಗರದ ತಮ್ಮ

ಕಿಡ್ನಿ ಬದಲಿಸಿದರೆ ಉಳಿಯುತ್ತಾರೆ ಅಂದರು ಡಾಕ್ಟರು. ಸಾಗರದಲ್ಲಿರುವ ತಮ್ಮ ಕೊಡುತ್ತೇನೆ ಅಂದ. ಪರೀಕ್ಷೆಯೆಲ್ಲ ಆಗಿ, ಹೊಂದುತ್ತದೆ ಅಂತಲೂ ಆಯಿತು. ಮೇಷ್ಟ್ರ ಮನೆಯಲ್ಲಿ ಅವತ್ತು ಪಾಯಸ. ಮೇಷ್ಟ್ರು ಅದನ್ನು ಕುಡಿಯುವ ಹಾಗಿರಲಿಲ್ಲ, ನಾವೆಲ್ಲ ಕುಡಿಯುವುದನ್ನು ನೋಡಿ ಸಂತೋಷಪಟ್ಟರು. "ಇಷ್ಟು ವರ್ಷದಲ್ಲಿ ನನ್ ಕಡೆ ಆಗಿರೋ ಒಂದೇ ಒಳ್ಳೆ ಟ್ರೇಡು ಇದು" ಅಂದರು.

ಆಪರೇಷನ್ನಿಗೆ ಇನ್ನೇನು ಹೊರಡಬೇಕು ಅನ್ನುವಾಗ ತಮ್ಮ ಬಂದ. ನಾನೂ ಅಲ್ಲೇ ಇದ್ದೆ. ಮೂಸಂಬಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತವನು ತಲೆ ಎತ್ತಲಿಲ್ಲ. ಹೆಂಡತಿ ಒಪ್ಪುತ್ತಿಲ್ಲ, ಮಕ್ಕಳು ಸಣ್ಣವು, ಅತ್ತೆ ಮನೆಯವರು ಬಂದು ಕೂತಿದ್ದಾರೆ ಅಂತ ಹೇಳಲು ಅವನಿಗೆ ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದರು. ನನಗೆ ಅವನ ಕತ್ತಿನ ಪಟ್ಟಿ ಹಿಡಿದು ಅಲ್ಲಾಡಿಸುವಷ್ಟು ಸಿಟ್ಟು ಬಂತು. ಸಣ್ಣ ಮಕ್ಕಳಿದ್ದದ್ದೂ ನಿಜವೇ, ಏನು ಹೇಳುವುದು?

ಮೇಷ್ಟ್ರೇ ಅವನ ಬೆನ್ನು ತಟ್ಟಿದರು. "ಹೋಗ್ಲಿ ಬಿಡಾ. ಕೊನೇ ಗಳಿಗೇಲಿ ಟ್ರೇಡ್ ಬಿದ್ದೋಗೋದು ದೊಡ್ಡ ದೊಡ್ಡ ಟೀಮಿಗೂ ಆಗುತ್ತೆ. ಕೈ ತೊಳ್ಕೋ, ಊಟ ಮಾಡು."

ತಮ್ಮ ಅಳತೊಡಗಿದ. ಅಳುತ್ತಲೇ ಚೀಲದಿಂದ ಮೂಸಂಬಿ ತೆಗೆದು ಅಣ್ಣನ ಕೈಯಲ್ಲಿಟ್ಟ. ಮೇಷ್ಟ್ರು ಅದನ್ನು ತಿರುಗಿಸಿ ನೋಡಿ ನನ್ನತ್ತ ಹಿಡಿದರು. "ತಗೋ ಮಾರಾಯಾ. ಕಿಡ್ನಿ ಬದ್ಲಿಗೆ ಇದು ಬಂತು. ನನ್ಗೆ ಇದನ್ನೂ ತಿನ್ನೋ ಹಂಗಿಲ್ಲ."

ಒಳ್ಳೆಯ ಸುದ್ದಿ

ಕೊನೆಯ ಬೇಸಿಗೆಯ ಹೊತ್ತಿಗೆ ಮೇಷ್ಟ್ರಿಗೆ ಮೊಬೈಲು ಹಿಡಿಯುವ ಶಕ್ತಿಯೂ ಇರಲಿಲ್ಲ. ಆದರೆ ದೇವರ ವಿಚಿತ್ರ ನೋಡಿ, ಆ ವರ್ಷವೇ ಟೀಮು ಅಷ್ಟಿಷ್ಟು ಗೆಲ್ಲತೊಡಗಿತ್ತು. ಮುಂದಿನ ಸುತ್ತಿಗೆ ಹೋಗುತ್ತದೋ ಇಲ್ಲವೋ ಅನ್ನುವಲ್ಲಿಗೆ ಬಂದು ನಿಂತಿತ್ತು. ನಾನು ದಿನಾ ಹೋಗಿ ಆಟದ ಸುದ್ದಿ ಹೇಳುತ್ತಿದ್ದೆ. ಅದೊಂದಕ್ಕಾಗಿ ಕಣ್ಣು ಬಿಡುತ್ತಿದ್ದರು.

ಒಂದು ದಿನ ಟೀಮು ಸೋತಿತ್ತು. ಬಾಗಿಲಲ್ಲೇ ಅಕ್ಕ ನನ್ನನ್ನು ತಡೆದು, "ಟೈಲರಣ್ಣ, ಇವತ್ತು ಅವ್ರಿಗೆ ತೀರಾ ಆಗ್ತಿಲ್ಲ. ಸೋತಿದ್ರೂ ಗೆದ್ದಿದೆ ಅಂತ್ಲೇ ಹೇಳಿ" ಅಂತ ಕೈ ಮುಗಿದರು. ಆಯಿತು ಅಂದು ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತೆ. ಕಷ್ಟಪಟ್ಟು ನಗುಮುಖ ಮಾಡಿ, "ಗೆದ್ವಿ ಮೇಷ್ಟ್ರೇ!" ಅಂದೆ.

ಕಣ್ಣು ಬಿಟ್ಟರು. "ಹೌದಾ? ಹೆಂಗೆ?"

ಇಲ್ಲಿ ನಾನು ಸುಮ್ಮನಿರಬೇಕಿತ್ತು. ಉತ್ಸಾಹದಲ್ಲಿ, "ಕೊನೇಲಿ ಆ ಉದ್ದದವನೇ ಎರಡೂ ಫ್ರೀ ಥ್ರೋ ಹಾಕ್ಬಿಟ್ಟ!" ಅಂದುಬಿಟ್ಟೆ.

ಮೇಷ್ಟ್ರು ಹೆಂಡತಿಯ ಕಡೆ ಕತ್ತು ಹೊರಳಿಸಿ, "ಡಾಕ್ಟ್ರು ಎಂತ ಅಂದ್ರು? ಇವನು ಇಷ್ಟು ದೊಡ್ಡ ಸುಳ್ಳು ಹೇಳ್ತಾನೆ ಅಂದ್ರೆ ನನ್ಗೆ ಈ ವಾರ ಕಳೆಯಲ್ಲ" ಅಂದರು.

ಕಳೆಯಲಿಲ್ಲ.

ಕಾಗೆ

ನಮ್ಮ ಕಡೆ ಹನ್ನೊಂದನೇ ದಿನದ ಕಾರ್ಯದಲ್ಲಿ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಯೆಲೆಯಲ್ಲಿ ಬಡಿಸಿ ಕಾಗೆಗೆ ಇಡುತ್ತಾರೆ. ಕಾಗೆ ಬಂದು ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತು ಅಂತ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ, ಅದನ್ನು ನಡೆಸಿಕೊಡುತ್ತೇವೆ ಅಂತ ಮನೆಯವರು ಮಾತು ಕೊಡಬೇಕು. ಅಲ್ಲಿಯವರೆಗೆ ಯಾರಿಗೂ ಊಟವಿಲ್ಲ.

ಮನೆಯ ಹಿಂದೆ ಎಲೆ ಇಟ್ಟರು. ಕೋಳಿಸಾರು, ಕಡುಬು, ಮೇಷ್ಟ್ರಿಗೆ ವರ್ಷಗಳಿಂದ ಕೊಡದೆ ಇಟ್ಟಿದ್ದ ಉಪ್ಪಿನಕಾಯಿ, ಪಾಯಸ, ಮೂಸಂಬಿ ಸಮೇತ. ಹಲಸಿನ ಮರದ ಮೇಲೆ ಒಂದು ಕಾಗೆ ಬಂದು ಕೂತಿತು. ಎಲೆಯ ಕಡೆ ನೋಡಿತು, ಕತ್ತು ತಿರುಗಿಸಿತು. ಇಳಿಯಲಿಲ್ಲ.

ತಮ್ಮ ಮುಂದೆ ಹೋಗಿ, "ಅಣ್ಣಾ, ನಿನ್ ಮಗಳ ಓದು, ಮದುವೆ ಎಲ್ಲ ನಂದು" ಅಂದ. ಕಾಗೆ ಕೂತೇ ಇತ್ತು. ಅಡ್ಡಬಿದ್ದು, "ನನ್ನ ಕ್ಷಮಿಸು" ಅಂದ. ಅದು ರೆಕ್ಕೆ ಕೆರೆದುಕೊಂಡಿತು. ಮಗಳು ಬಂದಳು, ಅಕ್ಕ ಬಂದರು, ಸ್ಕೂಲಿನ ಹೆಡ್‌ಮಾಸ್ತರರು ಬಂದು ಆಟದ ಮೈದಾನಕ್ಕೆ ಬೇಲಿ ಹಾಕಿಸುತ್ತೇನೆ ಅಂದರು. ಬಿಸಿಲು ನೆತ್ತಿಗೆ ಬಂತು. ಹಸಿದ ಹಿರಿಯರು ಮುಖ ಮುಖ ನೋಡಿಕೊಳ್ಳತೊಡಗಿದರು. ಅಕ್ಕನ ಮುಖ ನೋಡಲಾಗುತ್ತಿರಲಿಲ್ಲ. ಗಂಡ ತೃಪ್ತಿಯಿಲ್ಲದೆ ಹೋದರು ಅಂತ ಅವರು ಇನ್ನು ಬದುಕಿಡೀ ಕೊರಗುವವರು.

ಯಾರೋ ನನ್ನನ್ನು ತಳ್ಳಿದರು. "ನಿನ್ ಜೊತೇಲೇ ಅಲ್ವನಾ ಅವ್ರು ಯಾವಾಗ್ಲೂ ಇರ್ತಿದ್ದಿದ್ದು? ನೀನೊಂದು ಮಾತು ಹೇಳಿ ನೋಡು."

ಅವತ್ತು ಬೆಳಿಗ್ಗೆಯೇ ಟೀಮಿನ ಕೊನೆಯ ಆಟ ಇತ್ತು. ಗೆದ್ದರೆ ಮುಂದಿನ ಸುತ್ತು, ಸೋತರೆ ಮನೆಗೆ. ಫಲಿತಾಂಶ ನನಗೆ ಗೊತ್ತಿತ್ತು. ಆದರೂ ಸತ್ತವರ ಮುಂದೆ ಕೆಟ್ಟ ಸುದ್ದಿ ಹೇಳಲು ಬಾಯಿ ಬರಲಿಲ್ಲ. "ಮೇಷ್ಟ್ರೇ, ಗೆದ್ವಿ" ಅಂದೆ.

ಕಾಗೆ ಕಾ ಅಂತ ಒಂದೇ ಸಲ ಕೂಗಿ ಇನ್ನೂ ಮೇಲಿನ ಕೊಂಬೆಗೆ ಹೋಗಿ ಕೂತಿತು.

ನನಗೆ ಅಳು ಒತ್ತರಿಸಿಕೊಂಡು ಬಂತು. ತಡೆಯಲಾಗದೆ ಗಟ್ಟಿಯಾಗಿ ಹೇಳಿಬಿಟ್ಟೆ: "ಇಲ್ಲ ಮೇಷ್ಟ್ರೇ, ಸೋತ್ವಿ! ಕೈಲಿದ್ದ ಆಟ ಬಿಟ್ಕೊಟ್ರು! ಆ ಉದ್ದದವನನ್ನ ಕೊನೇವರೆಗೂ ಆಡ್ಸಿದ್ರು, ನೀವಂದಂಗೇ ಅವನೇ ಮುಳುಗಿಸ್ದ!"

ಮಾತು ಮುಗಿಯುವುದರೊಳಗೆ ಕಾಗೆ ದೊಪ್ಪೆಂದು ಎಲೆಗೆ ಇಳಿಯಿತು. ಕೋಳಿಸಾರಿಗೇ ನೇರ ಕೊಕ್ಕು ಹಾಕಿತು. ಮರದಲ್ಲಿ ಎಲ್ಲಿದ್ದವೋ, ಇನ್ನೂ ನಾಲ್ಕು ಬಂದವು. ಹಿರಿಯರು ಕೈ ಮುಗಿದರು. ತಮ್ಮ ಬಾಯಿ ಬಿಟ್ಟುಕೊಂಡು ನಿಂತಿದ್ದ.

"ಎಂತ ಆಸೆ ಉಳ್ದಿತ್ತು ಅಂತ?" ಅಂತ ಒಬ್ಬ ಅಜ್ಜ ಕೇಳಿದರು.

ಅಕ್ಕ ಕಣ್ಣೊರೆಸಿಕೊಂಡರು. ಅಷ್ಟು ದಿನದಲ್ಲಿ ಅವರ ಮುಖದಲ್ಲಿ ಮೊದಲ ಸಲ ನಗು ಕಂಡಿತು.

"ಆಸೆ ಎಂತದೂ ಇಲ್ಲ ಅಜ್ಜಾ. ಅವ್ರು ಹೇಳಿದ್ದೇ ಸರಿ ಅಂತ ಯಾರಾದ್ರೂ ಒಪ್ಕೋಬೇಕಿತ್ತು, ಅಷ್ಟೇ. ಇಪ್ಪತ್ತು ವರ್ಷ ಸಂಸಾರ ಮಾಡಿದ್ದೀನಿ, ನನ್ಗೆ ಮೊದ್ಲೇ ಹೊಳೀಬೇಕಿತ್ತು. ಏಳಿ, ಊಟಕ್ಕೆ ಏಳಿ."