ಸೋಮವಾರದ ಗಾಡಿ

ಗಾಡಿ ಕೆಟ್ಟರೆ ಮೆಕ್ಯಾನಿಕ್ ಹತ್ತಿರ ಹೋಗಬೇಕೆಂಬುದು ನನಗೂ ಗೊತ್ತು. ಆದರೆ ನನ್ನ ಮೆಕ್ಯಾನಿಕ್ಕಿನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಮೊ ಬೇಯುತ್ತದೆ. ಅವನು ತುಮಕೂರಿನ ಮಗಳ ಮನೆ ಸೇರಿಕೊಂಡಿದ್ದಾನೆ. ಉಳಿದವರು ನನ್ನ ಹಳೇ ಬೈಕನ್ನು ನೋಡಿ, "ಸಾರ್, ಇದು ಇನ್ನೂ ಓಡುತ್ತಾ?" ಎಂದು ಕೇಳುತ್ತಾರೆ. ಕೇಳುವ ದನಿಯಲ್ಲಿ ಗಾಡಿಯ ಜೊತೆ ನನ್ನನ್ನೂ ಸೇರಿಸಿಕೊಂಡಿರುತ್ತಾರೆ. ಮೊದಲೇ ನನ್ನದು ಮಂಕು ಸ್ವಭಾವ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಇವತ್ತು ಏನು ಕೆಡುತ್ತದೋ ಎಂದು ಯೋಚಿಸುವವನು ನಾನು. ಮದುವೆಯ ಫೋಟೋದಲ್ಲೂ ರೇಷನ್ ಕ್ಯೂನಲ್ಲಿ ನಿಂತವನ ಹಾಗೇ ಇದ್ದೇನಂತೆ. ಹೀಗೆಂದವಳು ಆ ಫೋಟೋದಲ್ಲಿ ಪಕ್ಕದಲ್ಲೇ ನಿಂತಿರುವ ನನ್ನ ಹೆಂಡತಿ ಗಿರಿಜೆ.

ಶ್ರಾವಣದ ಮೊದಲ ಸೋಮವಾರ, ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಓಣಿಯಲ್ಲಿ ಗಾಡಿ ಸ್ಟಾರ್ಟ್ ಆಗಲಿಲ್ಲ. ಬರೀ ನನ್ನ ಓಡಾಟದ ಮಾತಾಗಿದ್ದರೆ ಬಳೇಪೇಟೆಯ ನನ್ನ ಗುಂಡಿ-ಜಿಪ್ಪಿನ ಅಂಗಡಿಗೆ ನಡೆದೇ ಹೋಗುತ್ತಿದ್ದೆ. ಆದರೆ ಎಂಬತ್ತು ದಾಟಿದ ನನ್ನ ಅಮ್ಮ ಪ್ರತಿ ಸೋಮವಾರ ಆ ಗಾಡಿಯ ಹಿಂದಿನ ಸೀಟಿನಲ್ಲಿ ಒಂದೇ ಕಡೆ ಕಾಲು ಬಿಟ್ಟು ಕೂತು, ನನ್ನ ಭುಜ ಹಿಡಿದುಕೊಂಡು ಈಶ್ವರನ ಗುಡಿಗೆ ಹೋಗಿ ಬರಬೇಕು. ವಾರದಲ್ಲಿ ಅವಳು ಓಣಿ ದಾಟುವುದು ಅದೊಂದೇ ಸಲ. "ಆಟೋ ಕರೀತೀನಮ್ಮ" ಎಂದೆ. "ಆಟೋದಲ್ಲಿ ಹಿಡ್ಕೊಳ್ಳೋಕೆ ನಿನ್ನ ಭುಜ ಎಲ್ಲಿರುತ್ತೋ?" ಎಂದಳು. ಇದಕ್ಕೇನು ಹೇಳುತ್ತೀರಿ? ಗಿರಿಜೆ ಫೋನಿನಲ್ಲಿ ಕಾರು ಕರೆಸಿದಳು. ಅಮ್ಮ ಅದರೊಳಗೆ ಬಗ್ಗಿ ನೋಡಿ, ಏನೋ ವಾಸನೆ ಎಂದು ಮೂಗು ಮುಚ್ಚಿಕೊಂಡು ಬಂದು ಪಡಸಾಲೆಯ ಕುರ್ಚಿಯಲ್ಲಿ ಕೂತುಬಿಟ್ಟಳು. ಮುಂದಿನ ಸೋಮವಾರವೂ ಅದೇ ಕಥೆ. ಅವಳ ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು. "ಶಿವನೇ ಬರಬೇಡ ಅಂತಿದಾನೆ ಬಿಡು, ನನ್ನ ಕಾಲ ಮುಗೀತು" ಎಂದಳು. ಶ್ರಾವಣ ಕಳೆಯುವುದರೊಳಗೆ ಅವಳನ್ನು ಗುಡಿಗೆ ಕರೆದೊಯ್ಯಲೇಬೇಕು ಎಂದು ಸ್ಪ್ಯಾನರ್ ಹಿಡಿದೆ.

ಸ್ಪ್ಯಾನರ್ ಹಿಡಿದರಾಯಿತೇ? ಎದುರು ಮನೆಯ ಮಂಜ ನನ್ನ ಶಾಲೆಯ ಗೆಳೆಯ, ತಾನು ಕೈಹಾಕದ ಕೆಲಸಕ್ಕೆಲ್ಲ ಸಲಹೆ ಕೊಡುವುದರಲ್ಲಿ ನಿಪುಣ. "ಬ್ಯಾಟ್ರಿ ಹೋಗಿದೆ ಗುರು" ಎಂದ. ಹೊಸ ಬ್ಯಾಟರಿ ಹಾಕಿದೆ. "ಹಂಗಾದ್ರೆ ಫ್ಯೂಸು" ಎಂದ. ಫ್ಯೂಸು ನನಗಿಂತ ಗಟ್ಟಿಮುಟ್ಟಾಗಿತ್ತು. ಫೋನಿನಲ್ಲಿ ಒಂದು ವೀಡಿಯೋ ನೋಡಿ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಅದನ್ನು ಇಂಜಿನ್ನಿಗೆ ತಾಗಿಸಿ ಹಿಡಿದು ಕಿಕ್ ಹೊಡೆದರೆ ತುದಿಯಲ್ಲಿ ನೀಲಿ ಕಿಡಿ ಕಾಣಬೇಕಂತೆ. ಎಷ್ಟು ಒದ್ದರೂ ಕಾಣಲಿಲ್ಲ. "ನಿನಗೆ ಹಿಡಿಯೋಕೆ ಬರಲ್ಲ, ಇಲ್ಲಿ ಕೊಡು" ಎಂದು ಮಂಜ ಹಿಡಿದುಕೊಂಡ, ನಾನು ಒದ್ದೆ. ಅಯ್ಯಯ್ಯೋ ಎಂದು ಕೂಗಿ ಅವನು ಕೈ ಕೊಡವಿಕೊಂಡು ಮೂರು ಮಾರು ಹಿಂದಕ್ಕೆ ಹಾರಿದ. "ಕಿಡಿ ಇದೆ ಕಣೋ!" ಎಂದು ನಾನು ಕುಣಿದಾಡಿದೆ. ಗೆಳೆಯನಿಗೆ ಶಾಕ್ ಹೊಡೆದದ್ದಕ್ಕೆ ಇಷ್ಟು ಸಂತೋಷಪಟ್ಟವನು ಈ ಪೇಟೆಯಲ್ಲಿ ಇನ್ನೊಬ್ಬನಿರಲಾರ. ಆ ಸಂತೋಷವೂ ಹೆಚ್ಚು ಹೊತ್ತು ನಿಲ್ಲಲಿಲ್ಲ, ಮುಂದಿನ ಒದೆತಕ್ಕೆ ಕಿಡಿ ಮತ್ತೆ ಮಾಯ. ಕೀ ತಿರುಗಿಸಿದರೆ ಮೀಟರಿನ ಹಸಿರು ದೀಪ ಒಮ್ಮೆ ಹತ್ತುತ್ತದೆ, ಒಮ್ಮೆ ಹತ್ತುವುದಿಲ್ಲ. ಎಲ್ಲೋ ವೈರು ಸಡಿಲವಾಗಿದೆಯೆಂದು ಸೀಟು ತೆಗೆದೆ, ಟ್ಯಾಂಕು ಇಳಿಸಿದೆ, ವೈರುಗಳನ್ನೆಲ್ಲ ಹೊರಗೆಳೆದೆ. ಗಿರಿಜೆ ಬಾಗಿಲಲ್ಲಿ ನಿಂತು ನೋಡಿ, "ಇದೇನ್ರೀ, ರಿಪೇರಿನೋ ಪೋಸ್ಟ್‌ಮಾರ್ಟಮ್ಮೋ?" ಎಂದಳು. ಆ ಹೊತ್ತಿಗೆ ನನಗೂ ಅದೇ ಅನುಮಾನ.

ಹೀಗೆ ಸೋತು ಸುಣ್ಣವಾಗಿ ಒಂದು ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಹಿಡಿದು ಕೂತಿದ್ದೆ. ಅಮ್ಮ ಇಷ್ಟಲಿಂಗದ ಪೂಜೆ ಮುಗಿಸಿ ಹೊರಗೆ ಬಂದಳು. ನೀರು ಮುಟ್ಟಿಸಿದ ವಿಭೂತಿ ಗಟ್ಟಿಯ ಮೇಲೆ ಬೆರಳು ತೀಡಿ ಮೊದಲು ತನ್ನ ಹಣೆಗೆ, ಆಮೇಲೆ ನಮ್ಮ ಹಣೆಗೆ, ಕೊನೆಗೆ ಗಾಡಿಯ ಹೆಡ್‌ಲೈಟಿಗೆ ಮೂರು ಗೆರೆ ಎಳೆಯುವುದು ಅವಳ ಪದ್ಧತಿ. ಅಷ್ಟು ನನಗೆ ಗೊತ್ತಿತ್ತು. ಬೆರಳಲ್ಲಿ ಉಳಿದದ್ದನ್ನು ಅವಳು ಕೀ ಹಾಕುವ ತೂತಿಗೆ ಒತ್ತಿ ಒತ್ತಿ ತುಂಬುವುದನ್ನು ಅವತ್ತೇ ನೋಡಿದ್ದು.

"ಅಮ್ಮಾ, ಏನ್ ಮಾಡ್ತಿದೀಯ?"

"ಗಾಡಿ ಹೊರಡೋದು ಇಲ್ಲಿಂದಲೇ ಅಲ್ವೇನೋ? ಹೋದ ವರ್ಷ ಮಳೇಲಿ ಜಾರಿ ಬಿದ್ದು ಬಂದ್ಯಲ್ಲ, ಅವತ್ತಿಂದ ಹಚ್ತಿದೀನಿ. ಕೆಟ್ಟ ಮೇಲೆ ಇನ್ನೂ ಜಾಸ್ತೀನೇ ಹಚ್ತಿದೀನಿ, ಬೇಗ ಸರಿಹೋಗ್ಲಿ ಅಂತ."

ಅವಳು ಒಳಗೆ ಹೋದ ಮೇಲೆ ಅಂಗಡಿಯ ಪಿನ್ನೊಂದನ್ನು ತೂತಿಗೆ ಹಾಕಿ ಕೆರೆದೆ. ಒಣಗಿದ ವಿಭೂತಿ ಹಲ್ಲುಪುಡಿಯಂತೆ ಉದುರಿತು, ಉದುರುತ್ತಲೇ ಇತ್ತು. ಸ್ವಿಚ್ಚನ್ನು ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು, ಗಾಡಿಯನ್ನು ಮತ್ತೆ ಜೋಡಿಸಿ ಒದ್ದೆ. ಓಣಿಯ ತುಂಬ ಹೊಗೆ! ಅಮ್ಮ ಕೈಮುಗಿಯುತ್ತಲೇ ಓಡಿ ಬಂದಳು. "ನೋಡಿದ್ಯಾ, ವಿಭೂತಿ ಕೈಬಿಡ್ಲಿಲ್ಲ!" ಕೆರೆಯುವಾಗಿನಿಂದ ನೋಡುತ್ತ ನಿಂತಿದ್ದ ಮಂಜ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ಶ್ರಾವಣದ ಕೊನೆಯ ಸೋಮವಾರ ಗುಡಿಗೆ ಹೊರಟೆವು. ನನ್ನ ಭುಜದ ಮೇಲಿದ್ದ ಅವಳ ಕೈ ಎಷ್ಟು ಹಗುರಾಗಿತ್ತೆಂದರೆ, ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ತಿರುಗಿ ನೋಡಿದೆ. "ಮುಂದೆ ನೋಡೋ" ಎಂದು ಗದರಿದಳು. ನನಗೆ ಅಳು ಬರುವಂತಾಗಿತ್ತು, ಹೆಲ್ಮೆಟ್ ಇದ್ದದ್ದು ಒಳ್ಳೆಯದಾಯಿತು.

ಮಾರನೇ ಬೆಳಿಗ್ಗೆ ತೂತಿನಲ್ಲಿ ಮತ್ತೆ ವಿಭೂತಿ. ಟೇಪು ಅಂಟಿಸಿದೆ, ಕಿತ್ತು ಹಚ್ಚಿದಳು. "ಹೇಳ್ಬಿಡೋ ಸುಮ್ನೆ" ಎನ್ನುತ್ತಾನೆ ಮಂಜ. ಯಾವ ಬಾಯಲ್ಲಿ ಹೇಳಲಿ? ಹೀಗಾಗಿ ಅವಳು ಹಚ್ಚುವುದು, ನಾನು ಗೊಣಗುತ್ತ ಪಿನ್ನಿನಲ್ಲಿ ಕೆರೆಯುವುದು ದಿನಚರಿಯಾಯಿತು.

ಮೊನ್ನೆ ಪಿನ್ನು ಹಾಕಿದರೆ ಏನೂ ಸಿಗಲಿಲ್ಲ. ಕೀ ಬೆಣ್ಣೆಯ ಹಾಗೆ ತಿರುಗಿತು, ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಅಂದರೆ ಅಮ್ಮ ಇವತ್ತು ಹಚ್ಚಿಲ್ಲ! ಗಾಡಿ ಆಫ್ ಮಾಡಿ ಒಳಗೆ ಓಡಿದೆ. ಅಮ್ಮ ಹೊದ್ದು ಮಲಗಿದ್ದಳು, ಹಣೆ ಸ್ವಲ್ಪ ಬಿಸಿಯಿತ್ತು. "ಏಳೋಕಾಗ್ಲಿಲ್ಲ ಕಣೋ. ಇವತ್ತೊಂದಿನ ನೀನೇ ಹಚ್ಕೊಂಡು ಹೋಗು" ಎಂದಳು. ಗಟ್ಟಿಗೆ ನೀರು ಮುಟ್ಟಿಸಿ, ಬೆರಳು ತೀಡಿ, ತೂತಿನೊಳಕ್ಕೆ ಅವಳಿಗಿಂತ ಒಂದು ಕೈ ಹೆಚ್ಚೇ ಹಚ್ಚಿದೆ. ಆಮೇಲೆ ಎಷ್ಟು ಒದ್ದರೂ ಗಾಡಿ ಸ್ಟಾರ್ಟ್ ಆಗಲಿಲ್ಲ. ಸಮಾಧಾನವಾಗಿ ಅಂಗಡಿಗೆ ನಡೆದುಕೊಂಡು ಹೋದೆ.