ಹತ್ತನೇ ನಂಬರಿನ ಸಮುದ್ರ

ಟೀವಿಯ ಮಾತು ನಂಬಿ ನಮ್ಮ ಮನೆಯವರು ಪೇಚಿಗೆ ಬೀಳದ ವರ್ಷವೇ ಇಲ್ಲ. ಒಮ್ಮೆ ಕೂದಲಿನ ಎಣ್ಣೆ, ಒಮ್ಮೆ ಲಟ್ಟಿಸದೆ ರೊಟ್ಟಿ ಮಾಡುವ ಯಂತ್ರ. ಅವೆಲ್ಲ ಹೋಗಲಿ ಎಂದು ಅಟ್ಟಕ್ಕೆ ಎಸೆದು ಮರೆಯಬಹುದು. ಸಮುದ್ರದ ವಿಷಯದಲ್ಲಿ ಹಾಗೆ ಮರೆಯುವಂತಿರಲಿಲ್ಲ.

ಯಾಕೆಂದರೆ ಅತ್ತೆಯ ಕಣ್ಣು ಹೋಗುತ್ತಿತ್ತು.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಗಂಟು ಹಾಕುವ ಕೆಲಸವನ್ನು ಅತ್ತೆ ಮದುವೆಯಾಗಿ ಬಂದಾಗಿನಿಂದ ಮಾಡಿದವರು. ಈಗ ನಾನು ಮಾಡುತ್ತೇನೆ. ಅವರು ಪಕ್ಕದಲ್ಲಿ ಕುಳಿತು, ಕಾಣದಿದ್ದರೂ ಬೆರಳಾಡಿಸಿ ನನ್ನ ತಪ್ಪು ಹಿಡಿಯುತ್ತಾರೆ. ಬಾಗಲಕೋಟೆಯ ಕಣ್ಣಿನ ಡಾಕ್ಟರು ಹೇಳಿದ್ದಿಷ್ಟು: ಎರಡೂ ಬದಿಯ ನೋಟ ಹೋಗಿದೆ, ಕೊಳವೆಯೊಳಗಿಂದ ನೋಡಿದ ಹಾಗೆ ನೇರ ಎದುರಿನದು ಮಾತ್ರ ಉಳಿದಿದೆ. ಹೋದದ್ದು ತಿರುಗಿ ಬರುವುದಿಲ್ಲ. ಉಳಿದದ್ದು ಎಷ್ಟು ದಿನವೋ ಹೇಳಲಾಗದು.

"ಏನರ ನೋಡೂದಿದ್ರ ಲಗೂನ ನೋಡ್ಕೊಳ್ರಿ ಅಜ್ಜಿ" ಎಂದರು.

ದವಾಖಾನೆಯ ಮೆಟ್ಟಿಲು ಇಳಿಯುವಾಗ ಅತ್ತೆ ಅಳಲಿಲ್ಲ. ನನ್ನ ಮುಂಗೈ ಬಿಗಿಯಾಗಿ ಹಿಡಿದು, "ನಾ ಸಮುದ್ರ ನೋಡಿಲ್ಲ" ಎಂದರು.

"ಎಲ್ಲಾ ಬಿಟ್ಟು ಸಮುದ್ರ ಯಾಕ್ರಿ ಅತ್ತಿ?"

ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನಳದ ನೀರು ಬರುತ್ತದೆ. ಅತ್ತೆಯ ಅರ್ಧ ಆಯುಷ್ಯ ಆ ಕೊಡಗಳ ಸಾಲಿನಲ್ಲಿ ಜಗಳಾಡುತ್ತಲೇ ಕಳೆದಿದೆ. "ಅಷ್ಟು ನೀರನ್ನ ಯಾರೂ ಕೊಡ ಹಚ್ಚದ ಹಂಗ ಹೆಂಗ ಬಿಟ್ಟಾರ ನೋಡ್ಬೇಕು" ಎಂದರು.

ಹತ್ತರಿಂದ ಎರಡರವರೆಗೆ

ನಮ್ಮಂಥವರಿಗೆ ಸಮುದ್ರಕ್ಕೆ ಹೋಗುವುದೆಂದರೆ ಒಂದೇ ಸಲ. ತಪ್ಪಿದರೆ ಮತ್ತೊಂದು ನೋಡಿ ಬರೋಣ ಎನ್ನುವ ಹಾಗಿಲ್ಲ. ಅದರಲ್ಲೂ ಅತ್ತೆಗೆ. ಯಾವ ಊರಿನ ಸಮುದ್ರ ಚೆನ್ನಾಗಿದೆ ಎಂದು ಯೋಚಿಸುತ್ತಿರುವಾಗಲೇ ಒಂದು ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಹತ್ತು ಅತ್ಯುತ್ತಮ ಬೀಚುಗಳ ಕಾರ್ಯಕ್ರಮ ಬಂತು. ನಮ್ಮವರು ಮಗ್ಗ ನಿಲ್ಲಿಸಿ ಬಂದು ಕುಳಿತರು. ಮಗನ ಮದುವೆಗೆ ಹೆಣ್ಣು ನೋಡಲು ಬಂದವರ ಗಾಂಭೀರ್ಯವಿತ್ತು ಮುಖದಲ್ಲಿ.

ಟೀವಿಯವರು ಹತ್ತರಿಂದ ಶುರು ಮಾಡಿದರು. ಒಂದು ಬೀಚಿಗೆ ಎರಡು ನಿಮಿಷ, ಜಾಹೀರಾತಿಗೆ ಎಂಟು ನಿಮಿಷ. ಹಲ್ಲಿನ ಪೇಸ್ಟು, ಸಿಮೆಂಟು, ಮತ್ತೆ ಹಲ್ಲಿನ ಪೇಸ್ಟು ದಾಟಿ ಎರಡನೇ ನಂಬರಿಗೆ ಬರುವಷ್ಟರಲ್ಲಿ ನನ್ನ ಸಾರು ಕುದಿದು ಆರಿತ್ತು. "ಈಗ ನೀವೆಲ್ಲ ಕಾಯುತ್ತಿದ್ದ ಆ ಒಂದನೇ ಸ್ಥಾನ..." ಎಂದಿತು ಟೀವಿ. ಕರೆಂಟು ಹೋಯಿತು.

ನಮ್ಮವರು ಚಪ್ಪಲಿ ಹಾಕದೆ ಪಕ್ಕದ ಮನೆಗೆ ಓಡಿದರು. ಪಕ್ಕದ ಮನೆಗೆ ಬೇರೆ ಕರೆಂಟು ಬರುತ್ತದೆಯೇ?

ತಾಸಿನ ಮೇಲೆ ಕರೆಂಟು ಬಂದಾಗ ಇನ್ನೊಂದು ಚಾನೆಲ್ಲಿನವರೂ ಹತ್ತು ಬೀಚು ಎಣಿಸುತ್ತಿದ್ದರು. ಮೊದಲ ಚಾನೆಲ್ಲಿನ ಎರಡನೆಯ ನಂಬರಿನದು ಇವರ ಪಟ್ಟಿಯಲ್ಲೇ ಇರಲಿಲ್ಲ. ಅಲ್ಲಿ ಹತ್ತನೆಯದಾಗಿದ್ದದ್ದು ಇಲ್ಲಿಯೂ ಹತ್ತನೆಯದಾಗಿತ್ತು, ಅದೊಂದೇ ಸಮಾಧಾನ. ಪರೀಕ್ಷೆ ಬರೆದವರಿಗೆ ನಂಬರು ಕೊಡುತ್ತಾರೆ ಎಂಬುದು ಹತ್ತನೇ ಇಯತ್ತೆ ಓದಿದ ನನಗೂ ಗೊತ್ತು. ಈ ಬೀಚುಗಳು ಯಾವಾಗ ಪರೀಕ್ಷೆಗೆ ಕುಳಿತವು, ಪೇಪರು ತಿದ್ದಿದವರು ಯಾರು ಎಂದು ಕೇಳಿದೆ. ನಮ್ಮವರು ಟೀವಿಯ ದನಿ ಹೆಚ್ಚಿಸಿದರು.

ಅತ್ತೆ ಕೇಳಿದರು: "ಆ ಹತ್ತೂ ಕಡೆ ನೀರು ಒಂದಕ್ಕೊಂದು ಕೂಡಿಲ್ಲೇನು?"

"ಕೂಡ್ಯಾವ್ರಿ ಅತ್ತಿ. ಸಮುದ್ರ ಅಲ್ಲೇನು."

"ಮತ್ತ? ಮಗ್ಗಕ್ಕ ಕಟ್ಟಿದ ಒಂದ ಹಾಸಿನ್ಯಾಗ ನೇಯ್ದ ಎರಡು ಸೀರಿಗೆ ನಾವು ಎರಡು ರೇಟು ಹಚ್ಚಿದ್ರ ಮಂದಿ ಕಳ್ಳರು ಅಂತಾರ. ಇವರನ್ನ ಟೀವ್ಯಾಗ ಕೂಡಸ್ತಾರ."

ಬಾದಾಮಿಯ ಸಾಕ್ಷಿ

ನನಗೆ ಟೀವಿಯ ಮೇಲೆ ಅನುಮಾನ ಬರಲು ಬೇರೆ ಕಾರಣವೂ ಇತ್ತು. ನನ್ನ ತವರು ಬಾದಾಮಿ. ನಾನು ಕಂಡ ಊರನ್ನು ಅವರು ಹೇಗೆ ತೋರಿಸುತ್ತಾರೆ ಎಂದು ತಿಳಿದರೆ, ಕಾಣದ ಸಮುದ್ರವನ್ನು ಹೇಗೆ ತೋರಿಸಿರಬಹುದು ಎಂದು ಲೆಕ್ಕ ಹಾಕಬಹುದಲ್ಲ?

ನೋಡಲೇಬೇಕಾದ ಊರುಗಳ ಪಟ್ಟಿಗಾಗಿ ಒಂದು ಟೀವಿಯವರು ಬಾದಾಮಿಗೆ ಬಂದಿದ್ದರು. ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ಗುಡ್ಡದ ಬುಡದ ಹೊಂಡದ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಕ್ಯಾಮೆರಾದವನು ಬಂದು, "ಅಮ್ಮಾ, ಸ್ವಲ್ಪ ಎದ್ದು ಆ ಕಡೆ ಹೋಗಿ, ಚಿತ್ರ ಕೆಡುತ್ತದೆ" ಎಂದ. ಚಿಗವ್ವ ಬಕೆಟ್ಟು ಎತ್ತಿಕೊಂಡು ಆ ಕಡೆ ಹೋದಳು. ಅವನ ಜೊತೆಗಿದ್ದ ಹುಡುಗಿ, "ಅಯ್ಯೋ, ಹೆಂಗಸರು ಬಟ್ಟೆ ಒಗೆದರೇ ಚೆಂದ" ಎಂದಳು. ಚಿಗವ್ವ ತಿರುಗಿ ಬಂದಳು. ಈ ಸೀರೆ ಬೇಡ, ಬೇರೆ ಉಟ್ಟು ಬನ್ನಿ ಎಂದರು. ಮನೆಗೆ ಹೋಗಿ, ಮಗಳ ಮದುವೆಗೆಂದು ತೆಗೆದಿಟ್ಟ ರೇಷ್ಮೆ ಸೀರೆ ಉಟ್ಟು ಬಂದು ಕಲ್ಲಿಗೆ ಬಟ್ಟೆ ಬಡಿದಳು. ಅಷ್ಟರಲ್ಲಿ ಒಂದು ಮಂಗ್ಯಾ ಬಂದು ಆ ಹುಡುಗಿಯ ಮೈಕಿನ ತುಪ್ಪಳದ ಟೊಪ್ಪಿಗೆಯನ್ನು ಮರಿ ಎಂದು ತಿಳಿದೋ ಏನೋ ಎದೆಗವಚಿಕೊಂಡು ಗುಡ್ಡ ಹತ್ತಿತು. ಎಲ್ಲರೂ ಅದರ ಹಿಂದೆ ಓಡಿದರು.

ಕಾರ್ಯಕ್ರಮ ಬಂದ ದಿನ ಇಡೀ ಓಣಿ ಚಿಗವ್ವನ ಮನೆಯಲ್ಲಿ ಸೇರಿತ್ತು. ಟೀವಿಯಲ್ಲಿ ಹೊಂಡ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮಂಗ್ಯಾ ಇಲ್ಲ, ಮನುಷ್ಯರಿಲ್ಲ. "ಸದ್ದೇ ಇಲ್ಲದ ಊರು" ಎಂದು ಒಬ್ಬರು ಪಿಸುಮಾತಿನಲ್ಲಿ ಹೇಳುತ್ತಿದ್ದರು. ಮೆಟ್ಟಿಲ ತುದಿಯಲ್ಲಿ ಏನೋ ಬಣ್ಣ ಕಂಡು ಚಿಗವ್ವ ಟೀವಿಗೆ ಮೂಗು ಹಚ್ಚಿದಳು. ಕಾರ್ಯಕ್ರಮ ಮುಗಿದ ಮೇಲೆ ಟೀವಿಯಿಂದ ಮೂಗು ತೆಗೆದು ಹೇಳಿದಳು:

"ನನ್ನ ಒಣಾ ಹಾಕಿದ ಲಂಗ ಟೀವ್ಯಾಗ ಬಂತು. ನಾ ಬರಲಿಲ್ಲ."

ಕಣ್ಣಾರೆ ಕಂಡವನು

ಟೀವಿ ಬೇಡ, ಸಮುದ್ರವನ್ನು ಕಣ್ಣಾರೆ ಕಂಡವರನ್ನೇ ಕೇಳೋಣ ಎಂದು ನಾನು ಹಟ ಹಿಡಿದೆ. ನಮ್ಮ ಓಣಿಯ ಕೊನೆಗೆ ಒಬ್ಬ ಲಾರಿ ಡ್ರೈವರ್ ಇದ್ದಾನೆ. ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲನ್ನು ಬಂದರಿಗೆ ಒಯ್ಯುವುದೇ ಅವನ ಕೆಲಸ. ಚಹಾಕ್ಕೆ ಕರೆದೆವು. ಅತ್ತೆ ತಾವೇ ಕಪ್ಪು ಕೈಗೆ ಕೊಟ್ಟರು.

"ತಮ್ಮಾ, ಯಾವ ಸಮುದ್ರ ಚಲೋ ಐತಿ ಹೇಳು."

ಅವನು ಯೋಚಿಸಿ, ಬೆರಳು ಮಡಚಿ ಎಣಿಸತೊಡಗಿದ. "ಅಬ್ಬೇ, ಒಂದನೇ ನಂಬರ್ ಅಂದ್ರ ಆ ಕಾರವಾರದ ಕಡೀದ್ರಿ. ಗಾಡಿ ತಿರುವಾಕ ದೊಡ್ಡ ಜಾಗ ಐತಿ. ಎರಡನೇದ್ದು ಮಂಗಳೂರ ಕಡೀದು, ಪಂಚರ್ ಅಂಗಡಿ ಬಾಜೂಕ ಐತಿ. ಮೂರನೇದ್ದರಾಗ ಊಟ ಚಲೋ, ಆದ್ರ ಗೇಟಿನ್ಯಾಗ ಭಾಳ ಕಾಯಸ್ತಾರ."

"ನೀರು ಹೆಂಗೈತಿ?" ಎಂದರು ಅತ್ತೆ.

"ಯಾವ ನೀರು?"

"ಸಮುದ್ರದ್ದೋ!"

ಡ್ರೈವರ್ ಕಪ್ಪು ಕೆಳಗಿಟ್ಟ. ಮುಖ ಸಣ್ಣದಾಗಿತ್ತು. "ಗಾಡಿ ಬಿಟ್ಟು ಹೆಂಗ ಹೋಗ್ಲಿರಿ ಅಬ್ಬೇ? ಡೀಸೆಲ್ ತಗೀತಾರ. ಇಪ್ಪತ್ತು ವರ್ಷದಿಂದ ಹೋಗ್ತೇನಿ, ವಾಸನಿ ಅಷ್ಟ ಗೊತ್ತೈತಿ."

ಮೇಲಿನ ಮಡಿಕೆ, ಕೆಳಗಿನ ಮಡಿಕೆ

ಹೀಗೆ ಎರಡು ತಿಂಗಳು ಕಳೆದವು. ಒಂದು ಬೆಳಗ್ಗೆ ಅತ್ತೆ ಎದುರಿಗಿಟ್ಟ ಚಹಾದ ಕಪ್ಪಿಗೆ ಕೈ ಚಾಚಿ, ಪಕ್ಕದಲ್ಲಿದ್ದ ನೀರಿನ ತಂಬಿಗೆ ಬೀಳಿಸಿದರು. ನಾನು ಅರಿವೆ ತಂದು ನೀರು ಒರೆಸಿದೆ. ಅವರೇ ಹೇಳಿದರು: "ಇನ್ನ ಎಣಿಸೂದು ಸಾಕು. ಹತ್ತನೇದಕ್ಕ ಹೋಗೂಣು."

ನಮ್ಮವರಿಗೆ ತಡೆಯಲಾಗಲಿಲ್ಲ. "ಯವ್ವಾ, ಹೋಗೂದ ಒಂದು ಸಲ. ಕಡೀದಕ್ಕ ಯಾಕ?"

"ಅಂಗಡ್ಯಾಗ ಸೀರಿ ಹೆಂಗ ಒಟ್ಟಿರ್ತಾರ? ಮ್ಯಾಲಿಂದು ಬಂದ ಮಂದೆಲ್ಲ ಮುಟ್ಟಿ ಮುಟ್ಟಿ ಹೊಲಸಾಗಿರ್ತೈತಿ. ಶ್ಯಾಣ್ಯಾ ಹೆಣ್ಮಕ್ಕಳು ತಳದಾಗಿಂದು ಎಳೀತಾರ. ಒಂದನೇ ನಂಬರಿಗೆ ದೇಶದ ಮಂದೆಲ್ಲ ಹೋಗಿರ್ತೈತಿ. ಹತ್ತನೇದಕ್ಕ ಯಾರು ಹೋಗ್ತಾರ?"

ಮನೆಯಲ್ಲಿ ಮೊದಲ ಬಾರಿಗೆ ಎಲ್ಲರೂ ಒಪ್ಪುವ ಮಾತು ಬಂತು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆವು. ಘಟ್ಟದ ತಿರುವುಗಳಲ್ಲಿ ನಮ್ಮವರು ಮೂರು ಸಲ ಕಿಟಕಿಗೆ ತಲೆ ಹಾಕಿದರು, ಅತ್ತೆ ಒಂದು ಸಲವೂ ಹಾಕಲಿಲ್ಲ. ಕೊನೆಯ ಬಸ್ಸಿಳಿದು ಗಾಳಿಮರಗಳ ನಡುವಿನ ಉಸುಕಿನ ದಾರಿ ದಾಟಿ ಬಂದರೆ, ಎದುರಿಗೆ ಏಳೆಂಟು ಬಸ್ಸು, ಕ್ರೂಸರು, ಟಂಟಂಗಳ ಸಾಲು. ಬಾಗಲಕೋಟೆ ಕಡೆಯ ನಂಬರಿನವೇ ನಾಲ್ಕು. ಒಂದು ಕ್ರೂಸರಿನ ನೆರಳಲ್ಲಿ ಹುನಗುಂದದ ಒಂದು ಕುಟುಂಬ ರೊಟ್ಟಿ ಬಿಚ್ಚಿ ಕುಳಿತಿತ್ತು.

"ಏನ್ರಿ, ನೀವೂ ಇಲ್ಲಿಗೇ?" ಎಂದು ನಮ್ಮವರು ಕೇಳಿದರು.

ಹುನಗುಂದದ ಯಜಮಾನ ಗುಟ್ಟು ಹೇಳುವವನ ಹಾಗೆ ದನಿ ಇಳಿಸಿದ. "ಒಂದನೇ ನಂಬರಿನದಕ್ಕ ಭಾಳ ಗದ್ದಲ ಇರ್ತೈತ್ರಿ. ಹತ್ತನೇದಕ್ಕ ಯಾರು ಬರ್ತಾರಂತ ಇಲ್ಲಿಗೆ ಬಂದ್ವಿ."

ಟೀವಿಯವರ ಕಣ್ಣು

ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಡಕ್ಕೆ ಗಿರಮಿಟ್ಟು ಚುರುಮುರಿಯ ಗಾಡಿ, ಬಲಕ್ಕೆ ಎಳನೀರ ಬುರುಡೆಗಳ ಗುಡ್ಡ. ಪ್ಲಾಸ್ಟಿಕ್ ಬಾಟಲಿಗಳು, ಎರಡು ನಾಯಿ, ಬೆನ್ನ ಮೇಲೆ ಕೂರಲು ದುಡ್ಡು ಕೇಳುವ ಒಂದು ಮುದಿ ಕುದುರೆ. ನನ್ನ ಆರು ವರ್ಷದ ಮಗಳು ಸಮುದ್ರವನ್ನು ಒಂದು ನಿಮಿಷ ನೋಡಿ, "ಅವ್ವಾ, ಟೀವ್ಯಾಗಿನ ಹಾಡು ಯಾಕ ಬರವಲ್ತು?" ಎಂದಳು.

ನನಗೆ ಅಳು ಬಂತು, ಸಿಟ್ಟೂ ಬಂತು. ಅತ್ತೆಯ ಕಣ್ಣಿಗೆ ಇನ್ನು ಉಳಿದದ್ದೇ ಇಷ್ಟು. ಅದನ್ನು ಈ ಬುರುಡೆಗಳ ಗುಡ್ಡಕ್ಕೆ ಖರ್ಚು ಮಾಡಿಸಿದೆವಲ್ಲ! ಟೀವಿಯವರನ್ನು ನನಗೆ ಗೊತ್ತಿದ್ದಷ್ಟು ಮಾತಿನಲ್ಲಿ ಬೈಯುತ್ತಾ ಅತ್ತೆಯ ಎರಡೂ ಭುಜ ಹಿಡಿದು ನೀರಿನ ಕಡೆಗೆ ತಿರುಗಿಸಿ ನಿಲ್ಲಿಸಿದೆ.

ಅತ್ತೆ ನಿಂತರು. ಬಹಳ ಹೊತ್ತು ನಿಂತರು. ಅಲೆ ಬಂದು ಸೀರೆಯ ಅಂಚು ಒದ್ದೆಯಾದರೂ ಹಿಂದೆ ಸರಿಯಲಿಲ್ಲ.

"ಏನ್ ಸ್ವಚ್ಛ ಐತಿ ಯವ್ವಾ" ಎಂದರು. "ಮಂದಿ ಗದ್ದಲ ಕೇಳ್ತೈತಿ ಖರೆ, ಒಬ್ಬರೂ ಕಾಣವಲ್ರು. ನೀರು, ಅದರ ಮ್ಯಾಲ ಮುಗಿಲು. ಅಷ್ಟ."

ಆಗ ನನಗೆ ಹೊಳೆಯಿತು. ಎಡದ ಗಾಡಿ, ಬಲದ ಬುರುಡೆ, ನಾಯಿ, ಕುದುರೆ, ಹುನಗುಂದದವರು, ಯಾವುದೂ ಅವರ ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ. ಕ್ಯಾಮೆರಾಕ್ಕೆ ಕಂಡಷ್ಟೇ ಅತ್ತೆಗೂ ಕಾಣುತ್ತಿತ್ತು.

"ಟೀವ್ಯಾಗ ತೋರಿಸಿದಂಗ ಐತಿ ನೋಡು" ಎಂದರು ಅತ್ತೆ. "ಪಾಪ, ಖರೆ ಹೇಳಿದವರನ್ನ ನೀ ಅಷ್ಟು ಬೈದಿ."

ನಾನು ಉತ್ತರ ಕೊಡಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲ ಸಲ ಎಂದು ನಮ್ಮವರು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ.

ಗಂಗವ್ವನ ಉಡಿ

ನಮ್ಮ ಕಡೆ ಹೊಳೆ ಕಂಡರೆ ಗಂಗವ್ವ ಎಂದು ಉಡಿ ತುಂಬದೆ ಬರುವುದಿಲ್ಲ. ಅಕ್ಕಿ, ಅರಿಷಿಣ, ಬಳೆ, ಕಾಯಿ, ಜೊತೆಗೆ ಒಂದು ಕುಪ್ಪಸದ ಖಣ. ಹೊಳೆಗೇ ಇಷ್ಟಾದರೆ, ಹೊಳೆಗಳೆಲ್ಲ ಹೋಗಿ ಸೇರುವ ಈಕೆಗೆ ಬಿಡಲಾದೀತೇ? ಖಣ ತರುವ ಜವಾಬ್ದಾರಿ ನನ್ನದಾಗಿತ್ತು. ಗುಳೇದಗುಡ್ಡದ ರೇಷ್ಮೆ ಖಣ ತಾ ಎಂದು ಅತ್ತೆ ಹೇಳಿದ್ದರು. ಹೇಗೂ ನೀರಿಗೆ ಹೋಗುವುದು ಎಂದು ನಾನು ಸಂತೆಯಲ್ಲಿ ಸಿಕ್ಕಿದ್ದನ್ನು ತಂದಿದ್ದೆ. ಬಣ್ಣ ಒಂದೇ ಇತ್ತು, ಕಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ.

ಅತ್ತೆ ಮೊಣಕಾಲ ನೀರಿಗೆ ಇಳಿದು ಖಣದಲ್ಲಿ ಕಾಯಿ ಸುತ್ತಿ ಎರಡೂ ಕೈಯಿಂದ ಬಿಟ್ಟರು. "ತಾಯಿ, ಹೋದದ್ದು ಕೇಳೂದಿಲ್ಲ. ಇದ್ದಷ್ಟು ಇರಲಿ" ಎಂದು ಬೇಡಿಕೊಂಡರು. ನಾವು ಮೂವರೂ ಕೈ ಮುಗಿದೆವು.

ಹೊಳೆಯಲ್ಲಿ ಬಿಟ್ಟದ್ದು ಹರಿದು ಹೋಗುತ್ತದೆ. ನಾವು ಕಂಡದ್ದು ಅಷ್ಟೇ. ಇಲ್ಲಿ ಒಂದು ಅಲೆ ಬಂತು, ಎರಡು ಬಂದವು, ಮೂರನೆಯದು ಖಣವನ್ನು ಕಾಯಿ ಸಮೇತ ತಂದು ಅತ್ತೆಯ ಕಾಲ ಮೇಲೆ ಹಾಕಿ ಹೋಯಿತು. ಎದುರಿನಿಂದಲೇ ಬಂದದ್ದರಿಂದ ಅತ್ತೆಗೆ ಸ್ಪಷ್ಟವಾಗಿ ಕಂಡಿತು.

ಕಣ್ಣು ಬೇಡಿ ಕೊಟ್ಟ ಉಡಿ ತಿರುಗಿ ಬಂದರೆ ಆ ಜೀವ ಏನೆಂದು ತಿಳಿಯಬೇಕು? ಅತ್ತೆ ನಿಧಾನ ಬಗ್ಗಿ ಖಣ ಎತ್ತಿದರು. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಉಜ್ಜಿದರು. ಇನ್ನೊಮ್ಮೆ ಉಜ್ಜಿದರು.

"ಯಾರ ತಂದದ್ದು ಇದು?"

"ನಾನ್ರಿ ಅತ್ತಿ."

"ಪಾಲಿಸ್ಟರ್!" ಎಂದರು. "ಇಷ್ಟು ದೊಡ್ಡ ಹೆಣ್ಮಗಳಿಗೆ ಪಾಲಿಸ್ಟರ್ ಉಡಿ ತುಂಬ್ತಾರೇನ? ಮಾರಿಗೆ ಒಗದ್ಲು ನೋಡು!"

ಅವರ ದನಿಯಲ್ಲಿ ದುಃಖವಿರಲಿಲ್ಲ. ನೂಲು ಬಲ್ಲ ಒಬ್ಬ ಹೆಂಗಸು ಕೊನೆಗೂ ಸಿಕ್ಕಳು ಎಂಬ ಗೌರವವಿತ್ತು. ನಾನು ಬೈಸಿಕೊಂಡು ಬದುಕಿದೆ.

ಪಕ್ಕದಲ್ಲಿ ಉಡಿ ಹಿಡಿದು ನಿಂತಿದ್ದ ಹುನಗುಂದದ ಯಜಮಾನನ ಹೆಂಡತಿ ಇದನ್ನೆಲ್ಲ ನೋಡಿ ಸೆರಗು ಸರಿಪಡಿಸಿಕೊಂಡಳು. "ನಮ್ಮದು ಖರೆ ರೇಷ್ಮಿರಿ. ಅಂಗಡಿಯಾಂವ ದೇವರ ಆಣಿ ಮಾಡಿ ಕೊಟ್ಟಾನ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ನೀರಿಗಿಳಿದು ತನ್ನ ಖಣ ಬಿಟ್ಟಳು. ಸುತ್ತಲಿದ್ದವರೆಲ್ಲ ಉಸಿರು ಹಿಡಿದು ನಿಂತೆವು. ಒಂದು ಅಲೆ. ಎರಡು. ಮೂರು. ಅವಳ ಮುಖದಲ್ಲಿ ಗೆಲುವು ಮೂಡಿತು. ನಾಲ್ಕನೆಯ ಅಲೆ ಖಣ, ಕಾಯಿ, ಬಳೆ ಎಲ್ಲವನ್ನೂ ಅವಳ ಕಾಲ ಬೆರಳಿಗೆ ತಂದು ಮುಟ್ಟಿಸಿತು.

ಅವಳು ಅಳುವುದೊಂದು ಬಾಕಿ. ಮಂದಿಯ ಉದ್ಗಾರ ಕೇಳಿಸಿಕೊಂಡ ಅತ್ತೆ, ಸಮುದ್ರದ ಮೇಲಿಟ್ಟ ಕಣ್ಣು ತೆಗೆಯದೆಯೇ ಸಮಾಧಾನ ಹೇಳಿದರು:

"ಅಳಬ್ಯಾಡ ತಂಗಿ, ಅಕಿಗೆ ನಿನ್ನ ಮ್ಯಾಲೇನೂ ಸಿಟ್ಟಿಲ್ಲ. ಊರಿಗೆ ಹೋದ ಕೂಡ್ಲೆ ಆ ಅಂಗಡಿಯಾಂವನ್ನ ಹಿಡಿ."